ಒಂಬತ್ತು, ಇಪ್ಪತ್ತೆರಡು

ಜೂನ್ 12, 2024, ಬುಧವಾರ

ಹೈದರಾಬಾದಿನಿಂದ ಮನೆಯಾಕೆಯ ರಕ್ತದ ರಿಪೋರ್ಟ್ ಬಂತು. ಕಾಗದದ ತಲೆಯ ಮೇಲೆ ಇಂಗ್ಲಿಷಿನಲ್ಲಿ ‘ಮಾಲಿಕ್ಯುಲರ್ ಬಯಾಲಜಿ ವಿಭಾಗ’ ಎಂದಿತ್ತು. ನನಗೆ ಓದಲು ಬರುವ ನಾಲ್ಕಾರು ಇಂಗ್ಲಿಷ್ ಪದಗಳಲ್ಲಿ ಆ ಮಾತೂ ಒಂದು. ಕಾಲೇಜಿನ ಜೀವಶಾಸ್ತ್ರ ಲ್ಯಾಬಿನಲ್ಲಿ ನಾನು ಅಟೆಂಡರ್ ಆಗಿ ಇಪ್ಪತ್ತಾರು ವರ್ಷವಾಯಿತು. ಹನ್ನೊಂದು ವರ್ಷದ ಹಿಂದೆ ಒಳಗಿನ ಕೋಣೆಯ ಬಾಗಿಲಿಗೆ ಅದೇ ಹೆಸರಿನ ಫಲಕ ಹಾಕಿದರು. ದಿನಾ ಬೆಳಿಗ್ಗೆ ಅದರ ಧೂಳು ಒರೆಸುತ್ತೇನೆ. ಒಳಗೆ ಏನು ಓದುತ್ತಾರೆ ಎಂದು ಒಮ್ಮೆಯೂ ಕೇಳಿಲ್ಲ.

ತಿಂಗಳಿಗೊಮ್ಮೆ ಬೀದರಕ್ಕೆ ಬರುವ ರಕ್ತದ ಡಾಕ್ಟರು ಮನೆಯಾಕೆಯನ್ನು ಹೊರಗಿನ ಬೆಂಚಿಗೆ ಕಳಿಸಿ ನನಗೆ ಹೇಳಿದರು. ರಕ್ತದ ಕ್ಯಾನ್ಸರ್. ಆದರೆ ಈ ಜಾತಿಯದಕ್ಕೆ ಗುಳಿಗೆ ಇದೆಯಂತೆ. ದಿನಕ್ಕೊಂದು, ಬಿಡದೆ, ಬಹುಶಃ ಜೀವನಪೂರ್ತಿ. ನಾನು ಕೈಮುಗಿದು, “ಆಕಿಗಿ ಹೇಳಬ್ಯಾಡ್ರಿ” ಎಂದೆ. “ಹಂಗಾದ್ರ ನೀವೇ ಹೇಳ್ರಿ. ಆದ್ರ ಹೇಳ್ರಿ” ಎಂದರು ಡಾಕ್ಟರು.

ಹೊರಗೆ ಬಂದೆ. ಕೈಯಲ್ಲಿದ್ದ ಚೀಟಿಯ ಮೇಲೆ ಅಜೀಜಾ ಬೇಗಂ, 54 ಎಂದು ಬರೆದಿತ್ತು. ಮದುವೆಯಾಗಿ ಮೂವತ್ತನಾಲ್ಕು ವರ್ಷ, ನಾನು ಆ ಹೆಸರು ಹಿಡಿದು ಕರೆದದ್ದೇ ಇಲ್ಲ. “ಏನಂದ್ರು?” ಎಂದು ಕೇಳಿದಳು.

“ರಕ್ತ ಕಡಿಮಿ ಅದ ಅಂತ. ತಾಕತ್ತಿನ ಗುಳಿಗಿ ಕೊಡ್ತಾರ.”

ಆರು ತಿಂಗಳಿಂದ ಆಕೆ ಎಡಗಡೆ ಪಕ್ಕೆಲುಬಿನ ಕೆಳಗೆ ಭಾರ ಎನ್ನುತ್ತಿದ್ದಳು. ನಾಲ್ಕು ತುತ್ತಿಗೇ ಹೊಟ್ಟೆ ತುಂಬುತ್ತದೆ ಎನ್ನುತ್ತಿದ್ದಳು. ಗ್ಯಾಸ್ ಎಂದು ನಾನು ಸೋಂಪು ತಂದುಕೊಟ್ಟಿದ್ದೆ.

ಇದನ್ನೆಲ್ಲ ಯಾರಿಗಾದರೂ ಹೇಳದಿದ್ದರೆ ಎದೆ ಒಡೆದೀತು ಎನಿಸಿ ಈ ಬರಹ ಹಿಡಿದಿದ್ದೇನೆ. ನಾನು ಕಲಿತದ್ದು ಕನ್ನಡ ಸಾಲೆಯಲ್ಲಿ. ಆಕೆಗೆ ಓದಲು ಬರುವುದು ಉರ್ದು ಮಾತ್ರ. ಮೈಲೂರಿನ ಈ ಎರಡು ಕೋಣೆಯ ಮನೆಯಲ್ಲಿ ಇದಕ್ಕಿಂತ ಭದ್ರವಾದ ಪೆಟ್ಟಿಗೆ ಬೇರೆ ಇಲ್ಲ. ಮನೆಯಲ್ಲಿ ನಾವು ದಖನಿ ಉರ್ದುವಿನಲ್ಲಿ ಆಡಿಕೊಳ್ಳುವ ಮಾತನ್ನೂ ಇಲ್ಲಿ ಕನ್ನಡದಲ್ಲೇ ಬರೆಯುತ್ತೇನೆ.

ಜೂನ್ 14, ಶುಕ್ರವಾರ

ರಿಪೋರ್ಟನ್ನು ಸಿದ್ದೇಶ್ವರಿ ಮೇಡಂ ಮುಂದಿಟ್ಟೆ. ಒಳಗಿನ ಕೋಣೆ ಅವರದೇ. ಔರಾದಿನ ಕಡೆಯವರು, ನನ್ನ ಮಗಳಿಗಿಂತ ಮೂರು ನಾಲ್ಕು ವರ್ಷ ದೊಡ್ಡವರು. ಓದಿ ಒಂದು ಕುರ್ಚಿ ಎಳೆದುಕೊಟ್ಟರು.

“ಶರಫೋದ್ದೀನಣ್ಣಾ, ಕುಂದರ್ರಿ.”

ಆ ಕೋಣೆಯಲ್ಲಿ ನಾನು ಕುರ್ಚಿಯ ಮೇಲೆ ಕೂತದ್ದು ಅದೇ ಮೊದಲು.

“ಮೇಡಂ, ಈ ಮಾಲಿಕ್ಯುಲರ್ ಬಯಾಲಜಿ ಅಂದ್ರ ಏನ್ರಿ? ಹನ್ನೊಂದು ವರ್ಷ ಇದರ ಸಾಮಾನು ತೊಳ್ದೀನಿ. ಈಗ ಅದು ನನ್ನ ಮನಿಗಿ ಬಂದದ.”

ಅವರು ಕ್ಲಾಸಿನಲ್ಲಿ ಹೇಳುವಂತೆ ಹೇಳಲಿಲ್ಲ. “ನಮ್ಮಪ್ಪ ಕುರಿ ಸಾಕ್ತಿದ್ದ. ಕುರಿ ನೋಡಿ ರೋಗ ಹೇಳ್ತಿದ್ದ. ಹಳೀ ಜೀವಶಾಸ್ತ್ರನೂ ಹಂಗೇ, ಮೊದಲ ಇಡೀ ಪ್ರಾಣಿ ನೋಡ್ತು, ಆಮ್ಯಾಲ ಕೊಯ್ದು ಒಳಗಿಂದು ನೋಡ್ತು, ಆಮ್ಯಾಲ ಮೈಕ್ರೋಸ್ಕೋಪ ಇಟ್ಟು ಕಣ ನೋಡ್ತು. ನಮ್ದು ಇನ್ನೂ ಒಳಗ. ಕಣದಾಗ ಕೆಲಸ ಮಾಡೋ ಅಣುಗಳದು.” ಪ್ರತಿ ಕಣದಲ್ಲೂ ದಾರದಂಥ ಡಿಎನ್‌ಎ ಇದೆ, ಅದರಲ್ಲಿ ನಾಲ್ಕೇ ಅಕ್ಷರಗಳ ಬರಹ. ಕಣ ಎರಡಾಗುವ ಮೊದಲು ಬರಹವೆಲ್ಲ ನಕಲಾಗುತ್ತದೆ. ಬೇಕಾದ ಸಾಲನ್ನಷ್ಟೇ ಒಂದು ಚೀಟಿಗೆ ಇಳಿಸಿಕೊಂಡರೆ ಅದು ಆರ್‌ಎನ್‌ಎ. ಆ ಚೀಟಿ ನೋಡಿ ಪ್ರೋಟೀನು ಕಟ್ಟುತ್ತದೆ. ಮೈಯ ಕೆಲಸವೆಲ್ಲ ಹೆಚ್ಚಾಗಿ ಪ್ರೋಟೀನಿನದು. “ಇದು ಹ್ಯಾಂಗ ನಡೀತದ, ಎಲ್ಲಿ ತಪ್ತದ, ತಪ್ಪಿದ್ರ ಏನಾಗ್ತದ. ಇಷ್ಟೇ ನೋಡ್ರಿ ನಾವು ಓದೋದು.”

ಆಮೇಲೆ ಹಲಗೆಯ ಮೇಲೆ ಎರಡು ದಾರ ಬರೆದು ಒಂದಕ್ಕೆ ಒಂಬತ್ತು, ಇನ್ನೊಂದಕ್ಕೆ ಇಪ್ಪತ್ತೆರಡು ಎಂದು ಅಂಕಿ ಹಾಕಿದರು. ಮನೆಯಾಕೆಯ ಮೂಳೆಯ ಒಳಗೆ, ಒಂದೇ ಒಂದು ಕಣದಲ್ಲಿ, ಈ ಎರಡರ ತುದಿಗಳು ಮುರಿದು ಅದಲುಬದಲಾಗಿ ಅಂಟಿಕೊಂಡಿವೆ. ಅಂಟಿದ ಜಾಗದಲ್ಲಿ ಒಂದು ಹೊಸ ಬರಹ ಆಗಿದೆ. ಅದರಿಂದ ಬರುವ ಪ್ರೋಟೀನು ಕಣಕ್ಕೆ ‘ಎರಡಾಗು, ಎರಡಾಗು’ ಎಂದು ನಿಲ್ಲಿಸದೆ ಹೇಳುತ್ತದೆ. ತಾಯಿತಂದೆಯಿಂದ ಬಂದದ್ದಲ್ಲ, ಮಕ್ಕಳಿಗೆ ಹೋಗುವುದೂ ಇಲ್ಲ, ಯಾರ ತಪ್ಪೂ ಅಲ್ಲ ಎಂದರು.

ಮೂಲೆಯ ಪಿಸಿಆರ್ ಮಷಿನ್ ತೋರಿಸಿ, ಇಂಥದ್ದೇ ಮಷಿನ್ ಹೈದರಾಬಾದಿನಲ್ಲಿ ಆ ತಪ್ಪು ಚೀಟಿಗಳು ಎಷ್ಟಿವೆ ಎಂದು ಎಣಿಸಿದೆ ಎಂದರು. ಅದರ ಮುಚ್ಚಳವನ್ನು ನಾನು ಎಷ್ಟು ಸಲ ಸ್ಪಿರಿಟ್ಟಿನಿಂದ ಒರೆಸಿದ್ದೇನೋ.

ಜೂನ್ 17, ಸೋಮವಾರ

ಬಕ್ರೀದ್. ಮಗಳು ಮುಸರ್ರತ ಭಾಲ್ಕಿಯಿಂದ ಗಂಡ ಮತ್ತು ಕೂಸಿನ ಜೊತೆ ಬಂದಿದ್ದಳು. ತಾಯಿ ಒಲೆಯ ಮುಂದೆ ಎರಡು ಸಲ ಗೋಡೆ ಹಿಡಿದು ನಿಂತಳು. “ಅಮ್ಮಿಗಿ ಏನಾಗ್ಯಾದ ಅಬ್ಬಾ?” ಎಂದು ಮುಸರ್ರತ ಕೇಳಿದಾಗ ಅವಳಿಗೂ ‘ರಕ್ತ ಕಡಿಮೆ’ ಎಂದೇ ಹೇಳಿದೆ. ಒಂದು ಸುಳ್ಳು ಈಗ ಇಬ್ಬರಿಗಾಯಿತು.

ಜೂನ್ 27, ಗುರುವಾರ

ನಿನ್ನೆಯಿಂದ ಗುಳಿಗೆ ಶುರು. ಊಟವಾದ ಮೇಲೆ, ದೊಡ್ಡ ಗ್ಲಾಸಿನ ತುಂಬ ನೀರಿನ ಜೊತೆ. ನುಂಗಿದ ಅರ್ಧ ತಾಸಿಗೆ ವಾಂತಿ. “ಇದೆಂಥಾ ತಾಕತ್ತಿಂದು?” ಎಂದಳು. ನಾನು ಬಕೆಟ್ಟು ತೊಳೆದೆ.

ಜುಲೈ 9, ಮಂಗಳವಾರ

ಕಣ್ಣಿನ ಸುತ್ತ ಬಾವು. ಕಾಲಲ್ಲಿ ಸೆಳೆತ. ಬೆಳಿಗ್ಗೆ ಖಿಚಡಿ ನಾನೇ ಮಾಡುತ್ತೇನೆ. ಅದರ ಜೊತೆಗಿನ ಹುಣಸೆಹುಳಿಯ ಖಟ್ಟಾ ಮಾಡಲು ಇನ್ನೂ ಕೈ ಕುದುರಿಲ್ಲ.

ಆಗಸ್ಟ್ 6, ಮಂಗಳವಾರ

ಒಂದು ಲಕ್ಷ ಎಂಬತ್ತನಾಲ್ಕು ಸಾವಿರ ಇದ್ದ ಬಿಳಿಕಣ ಏಳು ಸಾವಿರಕ್ಕೆ ಇಳಿದಿದೆ. ಕೈಯಲ್ಲಿ ಕಾಗದ ಹಿಡಿದು ಮೇಡಂ ಕೋಣೆಗೆ ಓಡಿದೆ, ಈ ವಯಸ್ಸಿನಲ್ಲಿ. ಗುಳಿಗೆ ಏನು ಮಾಡುತ್ತದೆ ಎಂದು ಹೇಳಿಕೊಟ್ಟರು. ಆ ಕೆಟ್ಟ ಪ್ರೋಟೀನಿಗೆ ಒಂದು ಸಂದು ಇದೆಯಂತೆ. ಕೆಲಸಕ್ಕೆ ಬೇಕಾದ ಶಕ್ತಿಯ ಅಣುವನ್ನು ಅದು ಅಲ್ಲಿ ಹಿಡಿದುಕೊಳ್ಳುತ್ತದೆ. ಗುಳಿಗೆಯೊಳಗಿನ ಅಣು ಮೊದಲೇ ಹೋಗಿ ಆ ಸಂದಿನಲ್ಲಿ ಕೂತುಬಿಡುತ್ತದೆ. “ಬಸ್ಸಿನ ಸೀಟಿನ ಮ್ಯಾಲ ಟಾವೆಲ್ ಹಾಕಿದಂಗ?” ಎಂದೆ. ಮೇಡಂ ನಕ್ಕರು. “ಹಂಗೇ. ಆದ್ರ ಟಾವೆಲ್ ದಿನಾ ಹಾಕಬೇಕು. ಎಣಿಕಿ ಸರಿ ಆಯ್ತು ಅಂತ ಬಿಟ್ರ, ಒಳಗ ಉಳಿದ ಕಣ ಮತ್ತ ಶುರು ಮಾಡ್ತಾವ.”

ಮನೆಗೆ ಬಂದು, “ರಕ್ತ ಸರಿ ಆಗ್ಲತ್ತದ” ಎಂದಷ್ಟೇ ಹೇಳಿದೆ. ಆಕೆಯೂ ಖುಷಿಯಾದಳು. ಈ ತಿಂಗಳು ಬರೆಯಲು ಹೆಚ್ಚೇನೂ ಇರಲಾರದು.

ಸೆಪ್ಟೆಂಬರ್ 30, ಸೋಮವಾರ

ಮೂರು ತಿಂಗಳ ಜೀನ್ ಪರೀಕ್ಷೆ. ನೂರಕ್ಕೆ ಹತ್ತರ ಕೆಳಗೆ ಇರಬೇಕಾದ ತಪ್ಪು ಚೀಟಿಗಳ ಅಂಕಿ ಮೂವತ್ತೆಂಟು ಇದೆ. ಬಿಳಿಕಣವೂ ಮತ್ತೆ ಏರಿದೆ. “ಗುಳಿಗಿ ದಿನಾ ತೊಗೋತಾರೇನು?” ಎಂದು ಡಾಕ್ಟರು ಕೇಳಿದರು. ಹೌದು ಎಂದೆ. ನಾನು ಕಾಲೇಜಿಗೆ ಹೋದ ಮೇಲೆ ಆಕೆಯ ಊಟ, ಆಮೇಲಿನ ಗುಳಿಗೆಯನ್ನು ನಾನು ಕಣ್ಣಾರೆ ಕಂಡವನಲ್ಲ.

ಮನೆಗೆ ಬಂದು ಕೇಳಿದರೆ ಆಕೆ ಮುಚ್ಚಿಡಲಿಲ್ಲ. ಹೊಲಿಗೆ ಮಷಿನ್ನಿನ ಡ್ರಾಯರ್ ಎಳೆದಳು. ಗುಂಡಿ, ದಾರದ ಉಂಡೆಗಳ ನಡುವೆ ಒಂದು ಹಳೆಯ ಬಿಸ್ಕೀಟಿನ ಡಬ್ಬಿ, ಅದರೊಳಗೆ ಗುಳಿಗೆ. ನಲವತ್ತಕ್ಕೂ ಮೇಲೆ.

“ತಾಕತ್ತು ಬಂತಲ್ಲ, ರಕ್ತ ಸರಿ ಆಯ್ತು ಅಂದ್ರಿ. ಇದು ತೊಗೊಂಡ್ರ ಬಾಯಿಗಿ ರುಚಿ ಇರಂಗಿಲ್ಲ, ಕೈಯಾಗ ಸೂಜಿ ಹಿಡಿಲಕ ಬರಂಗಿಲ್ಲ. ತಾಕತ್ತಿನ ಗುಳಿಗಿಗಿ ಇಷ್ಟು ಫಿಕರ್ ಯಾಕ?”

ಬಯ್ಯಬೇಕೆಂದು ಬಾಯಿ ತೆರೆದವನು ಡಬ್ಬಿಯ ಮುಚ್ಚಳ ಹಾಕಿದೆ. ನಾನು ಹೇಳಿದ್ದನ್ನು ನಂಬಿದ್ದೇ ಆಕೆ ಮಾಡಿದ ತಪ್ಪು.

ಅಕ್ಟೋಬರ್ 2, ಬುಧವಾರ

ರಜೆ. ಮೇಡಂ ಊರಿಗೆ ಹೋಗಿದ್ದರು. ಫೋನಿನಲ್ಲಿ ಕೇಳುವ ಮಾತಲ್ಲ ಎಂದು ಬೆಳಗಿನ ಬಸ್ಸಿಗೆ ಔರಾದಿಗೆ ಹೋದೆ. ದಾರಿಯುದ್ದಕ್ಕೂ ಸೋಯಾಬೀನ್ ಕಟಾವು, ಕಿಟಕಿಯಿಂದ ಧೂಳು. ಅವರ ತಾಯಿ ಹೋಳಿಗೆ ಬಡಿಸಿದರು. ಒಂದನ್ನೂ ಮುಗಿಸಲಾಗಲಿಲ್ಲ.

“ತಪ್ಪಿದ ದಿನಗಳು ಮತ್ತ ಸಿಗ್ತಾವೇನ್ರಿ ಮೇಡಂ?”

“ಅದು ಡಾಕ್ಟರ್ ಹೇಳಬೇಕ್ರಿ. ಗುಳಿಗಿ ಇನ್ನೂ ಕೆಲಸ ಮಾಡ್ತದ ಅಂತ ನನ್ನ ನಂಬಿಕಿ. ಆದ್ರ ಅಜೀಜಾಕ್ಕ ಯಾಕ ಬಿಟ್ರು?”

ತಲೆ ತಗ್ಗಿಸಿ ಎಲ್ಲ ಹೇಳಿದೆ. ಮೇಡಂ ಕೋಪ ಮಾಡಿದ್ದನ್ನು ನಾನು ನೋಡಿರಲಿಲ್ಲ.

“ನಾಕು ತಿಂಗಳಾಯ್ತು ನಾ ನಿಮಗ ಪಾಠ ಹೇಳ್ಲತ್ತೀನಿ. ನೀವು ಮನಿಗಿ ಹೋಗಿ ಹೇಳ್ತೀರಿ ಅಂತ ತಿಳ್ಕೊಂಡಿದ್ದೆ. ಮೈ ಅವರದು, ರಕ್ತ ಅವರದು. ನೀವೊಬ್ಬರೇ ತಿಳ್ಕೊಂಡು ಏನು ಮಾಡವ್ರು?”

“ಅಂಜತಾಳ್ರಿ.”

“ಯಾರು ಅಂಜ್ಯಾರ ಅಂತ ಕಾಣ್ಲತ್ತದ ನಂಗ.”

ತಿರುಗಿ ಬರುವಾಗ ಬಸ್ಸಿನಲ್ಲಿ ಜಾಗವಿತ್ತು. ನಿಂತೇ ಬಂದೆ.

ಅಕ್ಟೋಬರ್ 3, ಗುರುವಾರ

ಬೆಳಿಗ್ಗೆ ಚಹಾ ಕುಡಿಯುವಾಗ ಹೇಳಿದೆ. ರೋಗದ ಹೆಸರು ಹೇಳಿದೆ, ಜೂನಿನಿಂದ ಗೊತ್ತಿತ್ತು ಎಂದೂ ಹೇಳಿದೆ. ಆಕೆ ಚಹಾದ ಬಸಿ ಕೆಳಗಿಟ್ಟಳು. ಅಳಲಿಲ್ಲ.

“ಇಪ್ಪತ್ತಾರು ವರ್ಷ ನಿಮ್ಮ ಕಾಲೇಜಿನಾಗ ಏನು ನಡೀತದ ಅಂತ ಹೇಳಲಿಲ್ಲ. ನಾ ಕೇಳ್ಲೂ ಇಲ್ಲ, ಅದು ನಿಮ್ದು. ಇದು ನಂದು ಇತ್ತು.”

ಇಷ್ಟೇ ಅಂದದ್ದು. ಗ್ಯಾಸಿನ ಮೇಲಿದ್ದ ಹಾಲು ಉಕ್ಕಿತು, ಇಬ್ಬರೂ ಏಳಲಿಲ್ಲ.

ಅಕ್ಟೋಬರ್ 4, ಶುಕ್ರವಾರ

ನಮಾಜ್ ಮುಗಿಸಿ ಬಂದರೆ ಮನೆಗೆ ಬೀಗ. ಪಕ್ಕದ ಮನೆಯ ಫಕ್ರುನ್ನಿಸಾ ಕೀಲಿಕೈ ಕೊಟ್ಟು, “ಭಾಲ್ಕಿಗಿ ಹೋಗ್ಯಾಳ, ಮಗಳ ಕಡಿ” ಎಂದಳು. ಕಪಾಟು ನೋಡಿದೆ. ಗುಳಿಗೆಯ ಪಟ್ಟಿಗಳೂ ಇಲ್ಲ. ತೆಗೆದುಕೊಂಡು ಹೋಗಿದ್ದಾಳೆ. ಎಸೆದಿದ್ದರೆ?

ಅಕ್ಟೋಬರ್ 7, ಸೋಮವಾರ

ಫೋನ್ ಎತ್ತುವುದು ಮುಸರ್ರತ. “ಅಮ್ಮಿ ಊಟ ಮಾಡ್ಯಾಳ, ಗುಳಿಗಿ ತೊಗೊಂಡಾಳ” ಎನ್ನುತ್ತಾಳೆ. ಅಮ್ಮಿಗೆ ಕೊಡು ಎಂದರೆ, “ಆಮ್ಯಾಲ ಮಾತಾಡ್ತಾಳ” ಎಂದು ಇಟ್ಟುಬಿಡುತ್ತಾಳೆ.

ಅಕ್ಟೋಬರ್ 9, ಬುಧವಾರ

ಲ್ಯಾಬಿನಲ್ಲಿ ಎರಡು ಗಾಜಿನ ಕೊಳವೆ ಒಡೆದೆ. ಚೂರುಗಳನ್ನು ಮೇಡಂ ತಾವೇ ಗುಡಿಸಿದರು. ಮನೆಯಲ್ಲಿ ಆಕೆಯ ಚಪ್ಪಲಿ ಇಡುವ ಜಾಗ ಖಾಲಿ.

ಅಕ್ಟೋಬರ್ 13, ಭಾನುವಾರ

ಇಂದಿನದನ್ನು ಪೂರ್ತಿ ಬರೆಯಬೇಕು.

ಭಾಲ್ಕಿಗೆ ಹೋದೆ. ಮುಸರ್ರತಳ ಮನೆಯ ಅಂಗಳದಲ್ಲಿ ಅಜೀಜಾ ಮೊಮ್ಮಗಳು ಅತಿಯಾಳನ್ನು ಕಾಲ ಮೇಲೆ ಮಲಗಿಸಿಕೊಂಡು ಎಣ್ಣೆ ಹಚ್ಚುತ್ತಿದ್ದಳು. ನನ್ನನ್ನು ನೋಡಿದಳು, ಮತ್ತೆ ಕೂಸಿನ ಕಡೆ ತಿರುಗಿದಳು. ನಾನು ಜಗಲಿಯ ಮೇಲೆ ಕೂತೆ. ಮುಸರ್ರತ ನೀರು ತಂದುಕೊಟ್ಟು ಒಳಗೆ ಹೋಗುವಾಗ, “ದಿನಾ ನನ್ನ ಹೊಟ್ಟಿ ಒತ್ತಿ ನೋಡ್ತಾಳ ಅಬ್ಬಾ. ಊಟಕ್ಕ ಕುಂತ್ರ ತುತ್ತು ಎಣಿಸ್ತಾಳ. ಯಾಕಂತ ಕೇಳಿದ್ರ ಹೇಳಂಗಿಲ್ಲ” ಎಂದು ಮೆಲ್ಲಗೆ ಹೇಳಿದಳು.

ಆಗ ಗೊತ್ತಾಯಿತು. ಕೂಸಿಗೆ ಎಣ್ಣೆ ಹಚ್ಚುವ ಆ ಕೈ ಎಡಗಡೆ ಪಕ್ಕೆಲುಬಿನ ಕೆಳಗೆ ಬಂದಾಗಲೆಲ್ಲ ನಿಲ್ಲುತ್ತಿತ್ತು. ಬೆರಳಿನಿಂದ ಒತ್ತಿ, ಕಾದು, ಮುಂದೆ ಹೋಗುತ್ತಿತ್ತು. ನನ್ನ ಮೇಲಿನ ಸಿಟ್ಟಿಗೆ ಬಂದವಳು ಎಂದು ನಾನು ಒಂಬತ್ತು ದಿನ ತಿಳಿದಿದ್ದೆ. ಆಕೆ ಬಂದದ್ದು ಮಗಳನ್ನೂ ಮೊಮ್ಮಗಳನ್ನೂ ಮುಟ್ಟಿ ನೋಡಲು.

ಹತ್ತಿರ ಹೋಗಿ ನೆಲದ ಮೇಲೆ ಕೂತೆ. “ಅಜೀಜಾ, ಇದು ಅವರಿಗಿ ಬರಂಗಿಲ್ಲ.”

“ನನ್ನ ರಕ್ತದ್ದೇ ಅಲ್ಲೇನು ಅವರು?”

“ಹೌದು. ಆದ್ರ ತಪ್ಪು ಆಗಿದ್ದು ನೀ ಹುಟ್ಟಿದ ಮ್ಯಾಲ, ಮುಸರ್ರತನೂ ಹುಟ್ಟಿದ ಮ್ಯಾಲ. ಎಲುಬಿನಾಗ ಒಂದೇ ಕಣದಾಗ. ಕೂಸಿಗಿ ಕೊಡೋ ಬರಹ ಬ್ಯಾರೆ ಕಡಿ ಇರ್ತದ, ಅದಕ್ಕ ಇದು ಮುಟ್ಟಿಲ್ಲ. ನಿಮ್ಮ ತಾಯಿ ಕಡಿಯಿಂದ ಬಂದಿಲ್ಲ. ನೀ ಉಂಡಿದ್ದಕ್ಕೂ ಅಲ್ಲ, ಮಾಡಿದ್ದಕ್ಕೂ ಅಲ್ಲ.”

“ಖರೆ? ಇಲ್ಲಾ ಇದೂ ತಾಕತ್ತಿನ ಗುಳಿಗಿ ಮಾತೇನು?”

“ಮೇಡಂಗ ಫೋನ್ ಹಚ್ತೀನಿ, ನೀನೇ ಕೇಳು.”

ಹಚ್ಚಿ ಕೊಟ್ಟೆ. ಮೇಡಂ ಏನು ಹೇಳಿದರೋ, ಅಜೀಜಾ ಬಹಳ ಹೊತ್ತು “ಹಾಂ, ಹಾಂ” ಎಂದಳು. ಫೋನ್ ಕೆಳಗಿಟ್ಟು ಎಣ್ಣೆಗೈಯಲ್ಲೇ ಮುಖ ಮುಚ್ಚಿಕೊಂಡು ಅತ್ತಳು. ತನ್ನ ರೋಗದ ಹೆಸರು ಕೇಳಿದ ದಿನ ಬಾರದ ಅಳು. ಕೂಸು ನಗುತ್ತಿತ್ತು. ಮೇಡಂ ಈ ಮಾತನ್ನು ನನಗೆ ಮೊದಲ ದಿನವೇ ಹೇಳಿದ್ದರು, ನಾನು ಇಲ್ಲಿ ಬರೆದೂ ಇಟ್ಟಿದ್ದೇನೆ. ಒಂಬತ್ತು ದಿನ ಆಕೆ ಪಟ್ಟ ಸಂಕಟವನ್ನು ಒಂದು ಮಾತಿನಲ್ಲಿ ತೆಗೆಯಬಹುದಿತ್ತು.

ಆಮೇಲೆ ಮಗಳನ್ನು ಕರೆದು ತಾನೇ ಎಲ್ಲ ಹೇಳಿದಳು. ಸಂಜೆಯ ಬಸ್ಸಿಗೆ ಇಬ್ಬರೂ ಬೀದರಕ್ಕೆ ಹೊರಟೆವು. ಕಿಟಕಿಯ ಪಕ್ಕ ಕೂತು, “ಈಗ ಹೇಳ್ರಿ, ಮೊದಲಿಂದ” ಎಂದಳು. ಹೇಳಿದೆ. ದಾರ, ನಾಲ್ಕು ಅಕ್ಷರ, ನಕಲು, ಚೀಟಿ, ಪ್ರೋಟೀನು. ಆಕೆ ಹೊಲಿಗೆಯವಳು, ನನಗಿಂತ ಬೇಗ ತಿಳಿದಳು.

“ಹಂಗಾದ್ರ ಎರಡು ಗಿರಾಕಿ ಅರಿವಿ ಒಂದಕ್ಕೊಂದು ಹೊಲ್ದುಬಿಟ್ಟಂಗ. ಒಬ್ಬರ ತೋಳು ಇನ್ನೊಬ್ಬರ ಮೈಗಿ.”

“ಹಾಂ.”

“ಬಿಚ್ಚಲಕ ಬರಂಗಿಲ್ಲೇನು?”

“ಬಿಚ್ಚಲಕ ಬರಂಗಿಲ್ಲ. ಅದು ಕೆಲಸ ಮಾಡದಂಗ ಹಿಡೀಲಕ ಬರ್ತದ. ದಿನಾ.”

ಕಿಟಕಿಯ ಕಡೆ ತಿರುಗಿದಳು. “ಯಾವ್ಯಾವ ದಾರ ಅಂದ್ರಿ?”

“ಒಂಬತ್ತು, ಇಪ್ಪತ್ತೆರಡು.”

ಬೆರಳಿನಿಂದ ಕಿಟಕಿಯ ಧೂಳಿನ ಮೇಲೆ ಉರ್ದುವಿನಲ್ಲಿ ಆ ಎರಡು ಅಂಕಿ ಬರೆದಳು. ಊರು ಬರುವವರೆಗೂ ಅವು ಅಲ್ಲೇ ಇದ್ದವು.

ಅಕ್ಟೋಬರ್ 14, ಸೋಮವಾರ

ಇನ್ನು ಮುಂದೆ ಗುಳಿಗೆ ಬೆಳಗಿನ ಖಿಚಡಿಯ ಮೇಲೆ, ನಾನಿದ್ದಾಗ. ಇದು ಅಜೀಜಾಳ ತೀರ್ಮಾನ. “ನೀವು ನೋಡಲಿ ಅಂತ ಅಲ್ಲ, ವಾಂತಿ ಬಂದ್ರ ಬಕೆಟ್ಟು ಹಿಡೀಲಕ” ಎಂದಳು.

ಡಿಸೆಂಬರ್ 30, ಸೋಮವಾರ

ಅಂಕಿ ಆರು. ಡಾಕ್ಟರು ಈಗ ನೇರವಾಗಿ ಅಜೀಜಾಳ ಜೊತೆಗೇ ಮಾತಾಡುತ್ತಾರೆ. ನಾನು ಬಾಗಿಲ ಹತ್ತಿರದ ಕುರ್ಚಿಯಲ್ಲಿ ಕೂತಿರುತ್ತೇನೆ. ಈಗಲೂ ರಾತ್ರಿ ಕಾಲು ಸೆಳೆಯುವುದನ್ನು ನನಗೆ ಹೇಳಿರಲಿಲ್ಲ, ಅವರಿಗೆ ಹೇಳಿದಳು. ಬರುವಾಗ ಚಳಿ. ಇಬ್ಬರೂ ಒಂದೇ ಶಾಲು ಹೊದ್ದು ಆಟೋದಲ್ಲಿ ಬಂದೆವು.

ಫೆಬ್ರವರಿ 11, 2025, ಮಂಗಳವಾರ

ಗಿರಾಕಿಯ ಸೀರೆಗೆ ಎರಡು ಜಂಪರ್ ಹೊಲಿದಳು. ಸೂಜಿಗೆ ದಾರ ಪೋಣಿಸಿಕೊಟ್ಟೆ.

ಏಪ್ರಿಲ್ 7, ಸೋಮವಾರ

ದವಾಖಾನೆಯಲ್ಲಿ ಬಹಳ ಜನ. ರಿಪೋರ್ಟಿನ ಲಕೋಟೆ ಕೌಂಟರಿನಲ್ಲೇ ಸಿಕ್ಕಿತು. ಅದನ್ನು ಅಜೀಜಾಳ ಕೈಗೆ ಕೊಟ್ಟೆ. ತೆರೆಯುವ ಹೊತ್ತಿಗೆ ಡಾಕ್ಟರ ಕೋಣೆಯಿಂದ ತಲೆಗೆ ಪಟಕಾ ಸುತ್ತಿದ ಒಬ್ಬ ಮನುಷ್ಯ ಹೊರಗೆ ಬಂದು ಗೋಡೆ ಹಿಡಿದು ನಿಂತ. ಭಾತಂಬ್ರಾದ ಕುರಿಗಾರ, ಹೆಸರು ಧೊಂಡಿಬಾ ಎಂದು ಆಮೇಲೆ ತಿಳಿಯಿತು. ಅವನ ಹೆಂಡತಿ ಅಂಜನಾಬಾಯಿ ನಮ್ಮ ಬೆಂಚಿನ ತುದಿಯಲ್ಲಿ ಕೂತಿದ್ದಳು. ಹೊಟ್ಟೆಯ ಎಡಗಡೆ ಕೈ ಇಟ್ಟುಕೊಂಡಿದ್ದಳು.

“ಏನಂದ್ರು?” ಎಂದು ಕೇಳಿದಳು.

“ಏನಿಲ್ಲ. ರಕ್ತ ಇಲ್ಲಂತ ಮೈಯಾಗ” ಎಂದ ಧೊಂಡಿಬಾ. ನೀರು ತರುತ್ತೇನೆ ಎಂದು ನಳದ ಕಡೆ ನಡೆದ.

ನಾನು ನೆಲ ನೋಡಿದೆ. ಅಜೀಜಾ ನನ್ನ ಮೊಣಕೈ ತಿವಿದಳು. “ಹೋಗ್ರಿ. ನಿಮಗ ಗೊತ್ತಿದ್ದಷ್ಟು ಯಾರಿಗೂ ಗೊತ್ತಿಲ್ಲ.”

ಹೋದೆ. ಅವನು ನಳದ ಮುಂದೆ ಬಾಟಲಿ ಹಿಡಿದು ನಿಂತಿದ್ದ, ನಳ ತಿರುಗಿಸಿರಲಿಲ್ಲ. ನಾನೇ ತಿರುಗಿಸಿದೆ. ನನಗೆ ಪರಿಚಯವಿಲ್ಲದವರ ಜೊತೆ ಮಾತಾಡಿ ರೂಢಿಯಿಲ್ಲ, ಆದರೂ ಎಲ್ಲ ಹೇಳಿಬಿಟ್ಟೆ. ತಾಕತ್ತಿನ ಗುಳಿಗೆ, ಬಿಸ್ಕೀಟಿನ ಡಬ್ಬಿ, ಮೂವತ್ತೆಂಟು, ಭಾಲ್ಕಿ.

“ಆಕಿ ತಡಕೊಳಂಗಿಲ್ರಿ” ಎಂದ ಧೊಂಡಿಬಾ.

“ನಾನೂ ಹಂಗೇ ಅಂದಿದ್ದೆ. ತಡಕೊಳ್ಳದವ ನಾ ಇದ್ದೆ.”

“ಹ್ಯಾಂಗ ಹೇಳಬೇಕ್ರಿ? ನಂಗ ಈ ರೋಗ ಏನಂತನೇ ತಿಳೀಲಿಲ್ಲ.”

“ನಿಮ್ಮ ಕುರಿಗಿ ಗುರ್ತು ಹಾಕ್ತೀರಲ್ಲ, ಹಂಗ ಮೈಯಾಗಿನ ಕಣಕ್ಕ ಒಂದು ಬರಹ ಇರ್ತದ” ಎಂದು ಶುರುಮಾಡಿದೆ. ಹೆಚ್ಚು ದೂರ ಹೋಗಲು ಆಗಲಿಲ್ಲ, ಮೇಡಂ ಹೇಳಿದಷ್ಟು ಚೆನ್ನಾಗಿಯೂ ಬರಲಿಲ್ಲ. ಅವನು ಮಾತ್ರ ಕಣ್ಣು ಬಿಡದೆ ಕೇಳಿದ. ಕೊನೆಗೆ, “ಮಕ್ಕಳಿಗಿ ಬರಂಗಿಲ್ಲ. ಅದು ಮೊದಲ ಹೇಳ್ರಿ. ಉಳಿದಿದ್ದು ಆಮ್ಯಾಲ” ಎಂದೆ.

ಅವನು ಬಾಟಲಿ ಹಿಡಿದು ಹೆಂಡತಿಯ ಹತ್ತಿರ ಹೋದ. ಅಜೀಜಾ ಎದ್ದು ಅವನಿಗೆ ಜಾಗ ಬಿಟ್ಟಳು. ಅವರು ಏನು ಮಾತಾಡಿದರೋ ನಮಗೆ ಕೇಳಲಿಲ್ಲ. ಅಂಜನಾಬಾಯಿ ಸೆರಗು ಬಾಯಿಗೆ ಒತ್ತಿಕೊಂಡಳು. ಸ್ವಲ್ಪ ಹೊತ್ತಿಗೆ ಅವಳೇ ಅವನ ಬೆನ್ನ ಮೇಲೆ ಕೈ ಇಟ್ಟಳು. ಅಜೀಜಾ ಹೋಗಿ ಅವಳ ಇನ್ನೊಂದು ಪಕ್ಕದಲ್ಲಿ ಕೂತು ತನ್ನ ಹರಕು ಮುರುಕು ಕನ್ನಡದಲ್ಲಿ, “ನಂಗೂ ಇದೇ ಅದ ನೋಡು. ನಾ ಊಟ ಮಾಡ್ತೀನಿ, ಹೊಲೀತೀನಿ, ಇವರಿಗಿ ಬೈತೀನಿ. ಗುಳಿಗಿ ಮ್ಯಾಲ ಎರಡು ಗ್ಲಾಸ್ ನೀರು ಕುಡಿ, ಆಗ ವಾಂತಿ ಕಡಿಮಿ” ಎಂದಳು.

ನಮ್ಮ ಹೆಸರು ಕೂಗಿದಾಗಲೇ ಲಕೋಟೆಯ ನೆನಪಾದದ್ದು. ಡಾಕ್ಟರು ಒಡೆದು ನೋಡಿದರು. ಸೊನ್ನೆ ಬಿಂದು ಏಳು. “ಇನ್ನೊಂದು ಸೊನ್ನೆ ಸೇರಬೇಕ್ರಿ ಬೇಗಂ, ಬಿಂದು ಆದ ಮ್ಯಾಲ” ಎಂದರು. “ಸೇರ್ತದ” ಎಂದಳು ಅಜೀಜಾ, ತಾನೇ ಹೊಲಿದು ಕೊಡುವವಳ ಹಾಗೆ.

ಆಟೋ ಮೈಲೂರಿಗೆ ಬಂದಾಗ ಅಜೀಜಾ ಕೇಳಿದಳು: “ಈ ಕೆಟ್ಟ ಕಣ ನಿಲ್ಲದೆ ಎರಡಾಗ್ತಾವ, ಸರಿ. ಒಳ್ಳೇ ಕಣಕ್ಕ ಇನ್ನ ಸಾಕು, ನಿಲ್ಲಬೇಕು ಅಂತ ಹ್ಯಾಂಗ ಗೊತ್ತಾಗ್ತದ?”

ನನಗೆ ತಿಳಿದಿರಲಿಲ್ಲ. ನಾಳೆ ಮೇಡಂಗೆ ಕೇಳಿ ಬಂದು ಹೇಳುತ್ತೇನೆ ಎಂದೆ.

“ನೀವು ಕೇಳಬ್ಯಾಡ್ರಿ” ಎಂದಳು. “ಅರ್ಧ ಮರ್ತು ಬರ್ತೀರಿ. ನಾನೇ ಬರ್ತೀನಿ.”

ಕಾಲೇಜಿಗೆ ಉಟ್ಟುಕೊಂಡು ಹೋಗಲು ಯಾವ ಸೀರೆ ಎಂದು ಆಕೆ ಕಪಾಟು ತೆಗೆದು ನೋಡುತ್ತಿದ್ದಾಳೆ. ಮೂರು ಹೊರಗೆ ಹಾಕಿದ್ದಾಳೆ. ನನ್ನನ್ನು ಕರೆಯುತ್ತಿದ್ದಾಳೆ, ಇಲ್ಲಿಗೆ ನಿಲ್ಲಿಸುತ್ತೇನೆ.